ಬೆಲ್ಲನ ಮೈ ಮತ್ತೆ ಹೊಳೆಯಿತು



ನಮ್ಮ ಮನೆಯ ನಾಯಿಯ ಹೆಸರು ಬೆಲ್ಲ. ಇಂಗ್ಲಿಷಿನ ‘ಬೆಲ್ಲಾ’ ಅಲ್ಲ, ಮಂಡ್ಯದ ಆಲೆಮನೆಯ ಬೆಲ್ಲ. ಮೈಬಣ್ಣ ಹಾಗಿತ್ತು, ಅದಕ್ಕೇ ಆ ಹೆಸರು. ನಮ್ಮ ಯಜಮಾನರು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮುಗಿಸಿ ಬರುವಾಗ ಮಳೆಯಲ್ಲಿ ನೆನೆದು ನಡುಗುತ್ತಿದ್ದ ಮರಿಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಆಮೇಲೆ ಮೂರು ವರ್ಷ ಇಬ್ಬರೂ ಜೊತೆಯಲ್ಲೇ ವಾಕಿಂಗ್ ಹೋದರು. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಬೆಲ್ಲ ಮಾತ್ರ ಈಗಲೂ ಬೆಳಗ್ಗೆ ಐದೂವರೆಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ.

ಹೋದ ವರ್ಷ ಆಷಾಢದಲ್ಲಿ ಬೆಲ್ಲನ ಮೈ ಕೆಟ್ಟಿತು. ಹೊಳೆಯುತ್ತಿದ್ದ ಕೂದಲು ಹಳೇ ಚಾಪೆಯ ಹಾಗೆ ಒರಟಾಯಿತು. ಸವರಿದರೆ ಕೈತುಂಬ ಕೂದಲು. ಬೆನ್ನಿನ ಮೇಲೆ ಬಿಳಿ ಹೊಟ್ಟು. ಹಗಲೂ ರಾತ್ರಿ ಕೆರೆತ. ಮಹಡಿಯ ಮೇಲೆ ಬಾಡಿಗೆಗಿರುವ ಮಂಗಳೂರಿನ ಹುಡುಗಿ ಮೆಟ್ಟಿಲ ಮೇಲೆ ನಿಂತು, “ಅಮ್ಮ, ತಪ್ಪು ತಿಳೀಬೇಡಿ, ನಮ್ಮ ಮಗು ಅಂಬೆಗಾಲಿಡ್ತಾ ಇದೆ. ಮೆಟ್ಟಿಲೆಲ್ಲ ಕೂದಲು” ಎಂದಳು. ಬೀದಿಯ ಹುಡುಗರು ‘ಕಜ್ಜಿ ನಾಯಿ’ ಎಂದು ಕರೆಯತೊಡಗಿದರು. ಮೊಮ್ಮಗಳು ಪುಟ್ಟಿ ಆ ಹುಡುಗರ ಜೊತೆ ಆಟವನ್ನೇ ಬಿಟ್ಟಳು.

ಕೊನೆಗೆ ಮಗ ಹೇಳಿದ: “ಅಮ್ಮ, ದಸರಾಕ್ಕೆ ನೆಂಟರೆಲ್ಲ ಬರ್ತಾರೆ. ಅಷ್ಟರೊಳಗೆ ಸರಿಹೋಗಲಿಲ್ಲ ಅಂದ್ರೆ ನಂಜನಗೂಡಿನ ಹತ್ತಿರ ಮಾವನ ತೋಟಕ್ಕೆ ಬಿಟ್ಟು ಬರೋಣ. ಅಲ್ಲಿ ಜಾಗ ಬೇಕಾದಷ್ಟಿದೆ.” ಅವನು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ತೋಟದಲ್ಲಿ ಬೆಲ್ಲ ಯಾವ ಗೇಟಿನ ಹತ್ತಿರ ನಿಲ್ಲಬೇಕು? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನದಿಂದ ನನ್ನ ವೈದ್ಯ ಶುರುವಾಯಿತು. ಮೊದಲು ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿದೆ. ಅವನು ಅರ್ಧ ನೆಕ್ಕಿದ, ಅರ್ಧ ಸೋಫಾಕ್ಕೆ ಒರೆಸಿದ. ಆಮೇಲೆ ನಾವು ಹಚ್ಚುವ ಸೋಪಿನಲ್ಲೇ ದಿನ ಬಿಟ್ಟು ದಿನ ಸ್ನಾನ ಮಾಡಿಸಿದೆ. ಹೊಟ್ಟು ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಪುಟ್ಟಿ ತಾತನ ಅಂಚೆಚೀಟಿ ಆಲ್ಬಂ ತಂದಳು. ಅಂಚೆ ಇಲಾಖೆ 2005ರಲ್ಲಿ ನಮ್ಮ ದೇಶದ ನಾಯಿ ತಳಿಗಳ ಮೇಲೆ ಚೀಟಿಗಳನ್ನು ಹೊರತಂದಿತ್ತು. ಅದರಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದೂ ಒಂದು. “ನೋಡಜ್ಜಿ, ಇದರ ಮೈ ಎಷ್ಟು ನುಣುಪಾಗಿದೆ! ಇದಕ್ಕೆ ಯಾವ ಟಾನಿಕ್ ಕೊಡ್ತಾರೆ?” ಎಂದಳು. ಅವಳ ಹುಂಡಿಯ ದುಡ್ಡಿಗೆ ನನ್ನದೂ ಸೇರಿಸಿ, ಅಂಗಡಿಯಿಂದ ‘ಹೊಳೆಯುವ ಕೂದಲಿಗೆ’ ಎಂದು ಬರೆದಿದ್ದ ಮೀನೆಣ್ಣೆಯ ಬಾಟಲಿ ತಂದೆವು. ಬೇಗ ಗುಣವಾಗಲಿ ಎಂದು ನಾನು ದಿನಕ್ಕೆ ಮೂರು ಚಮಚ ಕೊಟ್ಟೆ. ಮೂರನೆಯ ದಿನಕ್ಕೆ ಬೆಲ್ಲನಿಗೆ ಭೇದಿ. ತಪ್ಪು ಬಾಟಲಿಯದಲ್ಲ, ನನ್ನದು. ಚೀಟಿಯ ಮೇಲಿನ ಅಳತೆಯನ್ನು ನಾನು ಓದಿರಲೇ ಇಲ್ಲ.

ಆಗ ಪಶುವೈದ್ಯರ ಹತ್ತಿರ ಓಡಿದೆವು. ಅಲ್ಲಿಗೆ ಮೊದಲೇ ಹೋಗಬೇಕಿತ್ತು.

ಡಾಕ್ಟರು ಟಾನಿಕ್ಕಿನ ಮಾತೇ ಎತ್ತಲಿಲ್ಲ. ಮೊದಲು ಕಿವಿಯ ಸಂದಿ, ಕಾಲ್ಬೆರಳ ನಡುವೆ, ಬಾಲದ ಬುಡದಲ್ಲಿ ಉಣ್ಣೆ, ಚಿಗಟ ಇವೆಯೇ ಎಂದು ಹುಡುಕಿದರು. ಆಮೇಲೆ ಬ್ಲೇಡಿನಿಂದ ಚರ್ಮವನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಜ್ಜಿ ತರುವ ನುಸಿ ಕಣ್ಣಿಗೆ ಕಾಣುವುದಿಲ್ಲ, ಹೀಗೇ ನೋಡಬೇಕು. ನುಸಿ ಇರಲಿಲ್ಲ. ಹುಳುಕಡ್ಡಿಯೂ ಇರಲಿಲ್ಲ. “ಇವೆರಡೂ ಇದ್ದಿದ್ರೆ ಎಷ್ಟು ಒಳ್ಳೇ ಊಟ ಹಾಕಿದ್ರೂ ಉಪಯೋಗ ಇರ್ತಿರಲಿಲ್ಲ. ಮನೆಯವರಿಗೂ ಅಂಟಬಹುದಿತ್ತು. ಅದಕ್ಕೇ ಮೊದಲು ಇದನ್ನ ನೋಡಿದೆ” ಎಂದರು. ಆಮೇಲೆ ಕೇಳಿದರು: “ಸರಿ ಅಮ್ಮ, ದಿನಾ ಬಟ್ಟಲಿಗೆ ಏನು ಹಾಕ್ತೀರಿ?”

ನಾನು ಹೆಮ್ಮೆಯಿಂದಲೇ ಹೇಳಿದೆ: “ಮೂರು ಕಪ್ ಅನ್ನ, ಒಂದು ಲೋಟ ಹಾಲು. ಸಂಜೆ ಕಾಫಿ ಹೊತ್ತಿಗೆ ನಾಲ್ಕು ಬಿಸ್ಕತ್ತು. ನಮ್ಮದು ಸಸ್ಯಾಹಾರಿ ಮನೆ.”

ಡಾಕ್ಟರು ಪುಟ್ಟಿಗೆ ಒಂದು ಕಾಗದ ಕೊಟ್ಟು ಲೆಕ್ಕ ಹಾಕಿಸಿದರು. ಬೆಲ್ಲನ ತೂಕ 16 ಕಿಲೋ. ಅಷ್ಟು ತೂಕದ ದೊಡ್ಡ ನಾಯಿಗೆ ದಿನಕ್ಕೆ ಸುಮಾರು 26 ಗ್ರಾಂ ಪ್ರೋಟೀನ್ ಬೇಕು. ಒಂದು ಕಪ್ ಅನ್ನದಲ್ಲಿ ಸುಮಾರು 4 ಗ್ರಾಂ, ಮೂರು ಕಪ್ಪಿಗೆ 12. ಲೋಟ ಹಾಲಿನಲ್ಲಿ 6. ಒಟ್ಟು 18. ಬಿಸ್ಕತ್ತಿನದು ಲೆಕ್ಕಕ್ಕೇ ಬರುವಷ್ಟಿಲ್ಲ. “ಇನ್ನೂ 8 ಕಡಿಮೆ ಇದೆ ಅಜ್ಜಿ!” ಎಂದಳು ಪುಟ್ಟಿ. ಹೊಟ್ಟೆ ತುಂಬಿಸಿದ್ದೆ ಮಕ್ಕಳೇ, ಆದರೆ ಎಷ್ಟೋ ತಿಂಗಳಿಂದ ಅವನನ್ನು ಅರೆಹೊಟ್ಟೆಯಲ್ಲೇ ಇಟ್ಟಿದ್ದೆ.

ಕೂದಲಿಗೂ ಪ್ರೋಟೀನಿಗೂ ಏನು ಸಂಬಂಧ? ಕೂದಲು ಆಗಿರುವುದೇ ಬಹುಪಾಲು ಪ್ರೋಟೀನಿನಿಂದ. ನಾಯಿಗೆ ಮೈತುಂಬ ಕೂದಲು. ತಿಂದ ಪ್ರೋಟೀನಿನಲ್ಲಿ ಶೇಕಡಾ 30ರವರೆಗೂ ಚರ್ಮ ಮತ್ತು ಕೂದಲಿಗೇ ಬೇಕಾಗಬಹುದು. ಕಡಿಮೆ ಬಿದ್ದಾಗ ದೇಹ ಏನು ಮಾಡುತ್ತದೆ? ಇದ್ದದ್ದನ್ನು ಮೊದಲು ಹೃದಯ, ಯಕೃತ್ತಿನಂಥ ಅಂಗಗಳಿಗೆ ಬಡಿಸುತ್ತದೆ. ಚರ್ಮ ಕೊನೆಯ ಪಂಕ್ತಿಯಲ್ಲಿ ಕೂತವನು. ಸಾರು ಮುಗಿದಿದ್ದು ಮೊದಲು ಗೊತ್ತಾಗುವುದು ಕೊನೆಯ ಪಂಕ್ತಿಯವರಿಗೆ ತಾನೆ?

ಎರಡನೆಯ ಕೊರತೆ ಎಣ್ಣೆಯದು. ಅಮೆರಿಕದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ಗಂಡ-ಹೆಂಡತಿ ವಿಜ್ಞಾನಿಗಳಿದ್ದರು. 1929ರಲ್ಲಿ ಅವರು ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಹೊಟ್ಟೆದ್ದಿತು, ಬಾಲ ಪೊರೆಪೊರೆಯಾಗಿ ಒಣಗಿತು. ಲಿನೋಲಿಯಿಕ್ ಆಮ್ಲ ಎಂಬ ಒಂದು ಅಂಶವನ್ನು ಕೊಟ್ಟಾಗ ಸುಧಾರಿಸಿದವು. ಈ ಅಂಶವನ್ನು ನಾಯಿಯ ದೇಹವೂ ತಾನೇ ಮಾಡಿಕೊಳ್ಳಲಾರದು, ಊಟದಲ್ಲೇ ಬರಬೇಕು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅದೇ. ನಾನು ತಿಕ್ಕಿದ ಕೊಬ್ಬರಿ ಎಣ್ಣೆಯಲ್ಲಿ ಅದು ಇರುವುದು ತೀರಾ ಕಡಿಮೆ.

ಸೋಪಿನ ಕಥೆಯೂ ತಿಳಿಯಿತು. ನಮ್ಮ ಚರ್ಮದ ಆಮ್ಲೀಯತೆಯೇ ಬೇರೆ, ನಾಯಿಯದೇ ಬೇರೆ. ನಮ್ಮ ಸೋಪಿನಿಂದ ಪದೇಪದೇ ತೊಳೆದು, ಇದ್ದ ಜಿಡ್ಡನ್ನೂ ನಾನೇ ತೆಗೆದುಹಾಕಿದ್ದೆ.

“ಅಗಸೆ ಬೀಜ ಕೊಡಬಹುದಾ? ಚಿಯಾ?” ಎಂದು ಪುಟ್ಟಿ ಕೇಳಿದಳು. ಚಿಯಾ ಈಗ ನಮ್ಮ ಹೆಗ್ಗಡದೇವನಕೋಟೆ ಕಡೆಯೂ ಬೆಳೆಯುತ್ತದಲ್ಲ. ಡಾಕ್ಟರು ಹೇಳಿದರು: “ಸ್ವಲ್ಪ ಕೊಟ್ಟರೆ ತೊಂದರೆ ಇಲ್ಲ ಪುಟ್ಟ. ಅದರಲ್ಲಿ ಒಮೇಗಾ-3 ಇದೆ. ಆದರೆ ಚರ್ಮದ ಕೆರೆತ, ಉರಿ ತಗ್ಗಿಸೋಕೆ ಬೇಕಾದ ರೂಪಕ್ಕೆ ಅದನ್ನ ಬದಲಾಯಿಸಿಕೊಳ್ಳೋ ಶಕ್ತಿ ನಾಯಿಗೆ ಕಡಿಮೆ. ಮೀನಿನಲ್ಲಿ ಅದು ಸಿದ್ಧವಾಗೇ ಇರುತ್ತೆ.”

ಅವರು ಬರೆದುಕೊಟ್ಟ ಪಟ್ಟಿ ಇಷ್ಟೇ: ಬೆಳಗ್ಗೆ 100 ಗ್ರಾಂ ಪ್ಯಾಕೆಟ್ಟಿನ ಸಮತೋಲನ ನಾಯಿ ಆಹಾರ, ಸತುವಿನಂಥ ಖನಿಜಗಳಿಗಾಗಿ. ಸಂಜೆ ಒಂದು ಕಪ್ ಅನ್ನ, ಉಪ್ಪು-ಖಾರ ಹಾಕದ ಬೇಳೆ, ಒಂದು ಬೇಯಿಸಿದ ಮೊಟ್ಟೆ, ಒಂದು ಟೀ ಚಮಚ ಸೂರ್ಯಕಾಂತಿ ಎಣ್ಣೆ. ಆದರೆ ಮೊದಲ ವಾರ ಅರ್ಧ ಚಮಚ ಮಾತ್ರ, ಹೊಸ ಊಟವನ್ನೂ ದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಮೊಟ್ಟೆ ಹಸಿಯಾಗಿ ಕೂಡದು. ಹಸಿ ಬಿಳಿಭಾಗ ಚರ್ಮಕ್ಕೆ ಬೇಕಾದ ಬಯೋಟಿನ್ ಎಂಬ ವಿಟಮಿನ್ನನ್ನು ಹಿಡಿದಿಟ್ಟು ಮೈಗೆ ಸೇರದಂತೆ ಮಾಡುತ್ತದೆ. ವಾರಕ್ಕೆ ಎರಡು ದಿನ ಮೊಟ್ಟೆಯ ಬದಲು ಮೀನಾದರೆ ಒಳ್ಳೆಯದು.

ಮೊಟ್ಟೆ! ನಮ್ಮ ಮನೆಯ ಹೊಸ್ತಿಲು ದಾಟದ ವಸ್ತು. ಮೊಟ್ಟೆ ಬೇಡ ಎಂದರೆ ಪನೀರ್, ಹೆಚ್ಚು ಬೇಳೆ ಹಾಕಿ ಸರಿದೂಗಿಸಬಹುದು, ಬೆಕ್ಕಿನ ಹಾಗಲ್ಲ, ನಾಯಿ ಸಸ್ಯಾಹಾರದಲ್ಲೂ ಬದುಕಬಲ್ಲದು ಎಂದೂ ಡಾಕ್ಟರು ಹೇಳಿದರು. ಆದರೆ ಲೆಕ್ಕ ತಪ್ಪದಂತೆ ಎಚ್ಚರವಾಗಿರಬೇಕಂತೆ. ನಾನು ಒಂದು ದಿನವೆಲ್ಲ ಯೋಚಿಸಿದೆ. ನನ್ನ ವ್ರತ ನನ್ನ ತಟ್ಟೆಗೆ. ಅದನ್ನು ಬೆಲ್ಲನ ಬಟ್ಟಲಿಗೂ ಹೇರಿದ್ದು ಸರಿಯೇ? ಕೊನೆಗೆ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಒಂದು ಹಳೇ ಸ್ಟೌ, ಒಂದು ಬೇರೆ ಪಾತ್ರೆ ಇಟ್ಟೆ. ಅರವತ್ತೆಂಟನೇ ವಯಸ್ಸಿನಲ್ಲಿ ಮೊಟ್ಟೆ ಬೇಯಿಸುವುದನ್ನು ಮೊಮ್ಮಗಳಿಂದ ಕಲಿತೆ.

ಮೀನಿಗೇನು ಮಾಡುವುದು? ಅದನ್ನು ಪರಿಹರಿಸಿದ್ದು ಮಹಡಿಯ ಮಂಗಳೂರಿನ ಹುಡುಗಿ. “ಅಯ್ಯೋ ಅಮ್ಮ, ನಾವು ವಾರಕ್ಕೆರಡು ಸಲ ಬೂತಾಯಿ ತರ್ತೇವಲ್ಲ! ಮಸಾಲೆ ಹಾಕೋ ಮೊದಲು ಎರಡು ಮೀನು ಸಪ್ಪೆ ಬೇಯಿಸಿ, ಮುಳ್ಳು ತೆಗೆದು ಕೊಡ್ತೇನೆ” ಎಂದಳು. ಮೆಟ್ಟಿಲ ಮೇಲೆ ನಿಂತು ದೂರಿದ್ದವಳೇ ಈಗ ಬಟ್ಟಲು ಹಿಡಿದು ಅದೇ ಮೆಟ್ಟಿಲಿಳಿದು ಬಂದಳು.

ಭೀಮನ ಅಮಾವಾಸ್ಯೆಯ ಮಾರನೆಯ ದಿನ ಶುರುಮಾಡಿದೆವು. ನವರಾತ್ರಿಗೆ ಸರಿಯಾಗಿ ಎರಡು ತಿಂಗಳು. ಡಾಕ್ಟರು ಮೊದಲೇ ಎಚ್ಚರಿಸಿದ್ದರು: ಚರ್ಮದ ಅಡಿಯಲ್ಲಿ ಹುಟ್ಟಿದ ಹೊಸ ಕಣ ಮೇಲೆ ಬರಲು ಸುಮಾರು ಮೂರು ವಾರ ಬೇಕು, ಕೂದಲಿಗೆ ಅದಕ್ಕಿಂತ ಹೆಚ್ಚು. “ಎಂಟು ವಾರ ತಾಳಿ. ನಡುವೆ ಇನ್ನೊಂದು ಟಾನಿಕ್ ತರಬೇಡಿ.”

ಪುಟ್ಟಿ ವಿಜ್ಞಾನಿಯಾದಳು. ಪ್ರತಿ ಭಾನುವಾರ ಬೆಲ್ಲನ ಮೈಯನ್ನು ಇಪ್ಪತ್ತು ಸಲ ಬಾಚಿ, ಬಂದ ಕೂದಲನ್ನು ಒಂದು ಕವರಿಗೆ ಹಾಕಿ ದಿನಾಂಕ ಬರೆದಿಟ್ಟಳು. ಎರಡನೆಯ ವಾರದ ಕವರು ಮೊದಲನೆಯದರಷ್ಟೇ ದಪ್ಪಗಿತ್ತು. ಅವಳು ಅತ್ತಳು. ಮಗ ಸುಮ್ಮನೆ ನೋಡಿದ. ನನಗೂ ಮತ್ತೆ ಆ ಬಾಟಲಿಯ ಕಡೆ ಕೈ ಹೋಗಿತ್ತು, ನಿಜ. ನಾಲ್ಕನೆಯ ವಾರ ಹೊಟ್ಟು ಕಡಿಮೆಯಾಯಿತು. ಗೌರಿ-ಗಣೇಶ ಹಬ್ಬ ಕಳೆಯುವ ಹೊತ್ತಿಗೆ ರಾತ್ರಿಯ ಕೆರೆತ ನಿಂತಿತು. ಎಂಟನೆಯ ವಾರದ ಕವರು ಹಿಡಿದರೆ ಖಾಲಿಯಂತೆ ಹಗುರ.

ಗೊಂಬೆ ಕೂರಿಸಿದ ದಿನ ನೆಂಟರ ಹುಡುಗ ಬೆಲ್ಲನ ಬೆನ್ನು ಸವರಿ, “ಇವನಿಗೆ ಯಾವ ಎಣ್ಣೆ ಹಚ್ಚಿದ್ದೀರಿ ಅಜ್ಜಿ?” ಎಂದು ಕೇಳಿದ. “ಹಚ್ಚಿಲ್ಲಪ್ಪ, ತಿನ್ನಿಸಿದ್ದೇವೆ” ಎಂದೆ. ನಂಜನಗೂಡಿನ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಬಾಲದ ಬುಡದಲ್ಲಿ ಒಂದು ರೂಪಾಯಿ ಅಗಲದ ಜಾಗದಲ್ಲಿ ಮಾತ್ರ ಕೂದಲು ಇನ್ನೂ ತೆಳುವಾಗಿದೆ. ಡಾಕ್ಟರು ಅದರ ಮೇಲೆ ಕಣ್ಣಿಟ್ಟಿದ್ದಾರೆ. ಊಟದಿಂದ ಎಲ್ಲವೂ ಸರಿಹೋಗುವುದಿಲ್ಲ. ಮೈಮೇಲೆ ದುಂಡಗೆ ಬೋಳಾದರೆ, ಹುಣ್ಣು, ಕೆಟ್ಟ ವಾಸನೆ ಇದ್ದರೆ, ನಾಯಿ ಮಂಕಾದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಅಂಥ ನಾಯಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಈ ವಾರ ನಿಮಗೊಂದು ಕೆಲಸ ಮಕ್ಕಳೇ. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ, ಏಳು ದಿನ ಅದರ ಬಟ್ಟಲಿಗೆ ಏನೇನು ಬಿತ್ತು ಎಂದು ಬರೆದಿಡಿ. ಯಾರಿಗೂ ಕಾಣದಂತೆ ನೀವು ಹಾಕಿದ ಬಿಸ್ಕತ್ತನ್ನೂ ಬಿಡಬೇಡಿ. ಅಜ್ಜ-ಅಜ್ಜಿಯ ಜೊತೆ ಕೂತು ನೋಡಿ, ಪಶುವೈದ್ಯರ ಹತ್ತಿರ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆರಹಿತ ಚೂಯಿಂಗ್ ಗಮ್, ಬೇಯಿಸಿದ ಮೂಳೆ ಇವನ್ನು ನಾಯಿಗೆ ಯಾವತ್ತೂ ಕೊಡಬೇಡಿ.

ಬೆಲ್ಲ ಈಗ ಬೆಳಗ್ಗೆ ಐದೂವರೆಗೆ ಗೇಟಿನ ಹತ್ತಿರ ನಿಂತರೆ, ನಾನೂ ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ಕೆರೆ ಏರಿಯವರೆಗೆ ಹೋಗಿ ಬರುತ್ತೇವೆ.