ವಿಮಾನಕ್ಕೆ ಬಣ್ಣ

ಗಣಕಯಂತ್ರದ ವಿಮಾನದಾಟದಲ್ಲಿ ವಿಮಾನದ ಮೈಬಣ್ಣವು, ಸುಲಿದು ಹರಡಿದ ಚರ್ಮದಂತೆ, ಒಂದು ಚಪ್ಪಟೆ ಚಿತ್ರದಲ್ಲಿರುವುದು. ಅದನ್ನು ತಿದ್ದಿದರೆ ವಿಮಾನವು ಹೊಸ ವೇಷ ತಾಳುವುದು. 1932ರಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪ್ಪಾಲು ತಂದ ಪುಸ್ ಮಾತ್ ವಿಮಾನದ ‘ವಿಟಿ-ಎಡಿಎನ್’ ಎಂಬ ಗುರುತನ್ನು ಬರೆಯಲು ಮೊಮ್ಮಗನೊಡನೆ ನಾವೂ ಕುಳಿತೆವು. ಎಡಮಗ್ಗುಲಲ್ಲಿ ಅಕ್ಷರಗಳು ನೆಟ್ಟಗಿದ್ದವು. ಬಲಮಗ್ಗುಲಲ್ಲಿ ಕನ್ನಡಿಯೊಳಗಿನಂತೆ ತಿರುಗಿದ್ದವು. ಒಂದೇ ಚಿತ್ರವನ್ನು ಎರಡು ಮಗ್ಗುಲಿಗೂ ಹೊದಿಸಿದ ಮಾದರಿಯಲ್ಲಿ ಹೀಗಾಗುವುದು ಸಹಜ, ಬಣ್ಣಗಾರನ ದೋಷವಲ್ಲ. ಇದನ್ನರಿಯದ ನಾವು, ಅವನಿಲ್ಲದಾಗ, ಅಳಿಸಿ ಬರೆದು, ಬರೆದು ಅಳಿಸಿ, ಮೂಲದ ಮೇಲೆಯೇ ಉಳಿಸಿಬಿಟ್ಟೆವು. ಅಕ್ಷರಗಳೊಡನೆ ಅವನು ಎಂಟು ದಿನ ಎಳೆದಿದ್ದ ಸೂಕ್ಷ್ಮರೇಖೆಗಳೂ ಅಳಿದುಹೋದವು. ಶಾಲೆಯಲ್ಲಿ ‘ಕರಡನ್ನು ಕಾದಿಡಿರಿ’ ಎಂದು ಗದರುತ್ತಿದ್ದವರು ನಾವೇ! ಹುಡುಗನು ಏನೂ ಅನ್ನಲಿಲ್ಲ. ಮೂಲಚಿತ್ರವನ್ನು ಮತ್ತೆ ತರಿಸಿ, ಅದರದೊಂದು ಪ್ರತಿಯನ್ನು ನಾವು ಕಾಣದೆಡೆಯಲ್ಲಿ ಇಟ್ಟಿದ್ದಾನೆ.