ಬಾಡಿಗೆ ಸಿನಿಮಾ: ಲಾಭವೋ, ದಂಡವೋ?

ಸಿನಿಮಾನ ಬಾಡಿಗೆಗೆ ತರೋದು ಹೊಸದೇನಲ್ಲ ಸ್ವಾಮಿ! ಎಂಬತ್ತರ ದಶಕದಲ್ಲಿ ರಾಜಾಜಿನಗರ, ವಿಜಯನಗರದ ಕಡೆ ಒಂದು ಮನೆಗೆ ವೀಡಿಯೋ ಕ್ಯಾಸೆಟ್ ಬಂದರೆ ವಠಾರಕ್ಕೆ ವಠಾರವೇ ಚಾಪೆ ಹಾಸಿ ಕೂರುತ್ತಿತ್ತು. ಈಗ ಬಾಡಿಗೆ ಚಿತ್ರ ಫೋನಿಗೇ ಬರುತ್ತೆ, ಆದರೆ ಕಟ್ಟುಪಾಡು ಜಾಸ್ತಿ.

'ಕೆಜಿಎಫ್ ಚಾಪ್ಟರ್ 2' ತೆರೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ. ಮೇ 16ರಿಂದ ಅಮೆಜಾನ್ ಪ್ರೈಮ್ ವೀಡಿಯೋದಲ್ಲಿ ಬಾಡಿಗೆ 199 ರೂಪಾಯಿ! ಚಂದಾ ಕಟ್ಟಿದವರೂ ಇದನ್ನು ಬೇರೆ ಕಕ್ಕಬೇಕು. ನೋಡಲು ಶುರು ಮಾಡೋಕೆ 30 ದಿನ ಗಡುವು, ಶುರು ಮಾಡಿದಿರೋ 48 ಗಂಟೆಯಲ್ಲಿ ಮುಗಿಸಬೇಕು. ಆಮೇಲೆ ಬೀಗ! ತಮಾಷೆ ಏನೂಂದ್ರೆ, ಜೂನ್ 3ಕ್ಕೆ ಅದೇ ಚಿತ್ರ ಚಂದಾದಾರರಿಗೆ ಬಿಟ್ಟಿ. ಅಂದರೆ 199 ಕೊಟ್ಟದ್ದು ಚಿತ್ರಕ್ಕಲ್ಲ, 18 ದಿನದ ಆತುರಕ್ಕೆ!

ಹಾಗಂತ ಎಲ್ಲರಿಗೂ ದಂಡ ಅನ್ನಲಾರೆ. ಮನೇಲಿ ಆರು ಜನ, ಜೊತೆಗೆ ಮಂಡಿನೋವಿನ ಅಜ್ಜಿ. ಕೆಂಗೇರಿಯಿಂದ ಆಟೋ, ತಲಾ ಟಿಕೆಟ್, ಪಾಪ್‌ಕಾರ್ನ್.... ಲೆಕ್ಕ ಹಾಕಿ, 199 ಅಗ್ಗವೇ. ಬಸವೇಶ್ವರನಗರದ ರೂಮಿನಲ್ಲಿ ಒಬ್ಬನೇ ಪುಟ್ಟ ಫೋನು ಹಿಡಿದು ಕೂರೋ ಬ್ರಹ್ಮಚಾರಿಗಳೇ, ನೀವು ಮಾಗಡಿ ರಸ್ತೆಯ ವೀರೇಶ್‌ಗೇ ಹೋಗಿಬನ್ನಿ!

ಆದರೆ ಸಣ್ಣವರ ಕಥೆ ಬೇರೆ. ರಕ್ಷಿತ್ ಶೆಟ್ಟಿ ಬಳಗದ ಕರಾವಳಿ ಕಥೆಗಳ ಸರಣಿ 'ಏಕಂ' ಯಾವ ಒಟಿಟಿಗೂ ಬೇಡವಾಯ್ತು. ಕೊನೆಗೆ 2024ರ ಜುಲೈ 13ಕ್ಕೆ ತಮ್ಮದೇ ವೆಬ್‌ಸೈಟಿನಲ್ಲಿ ಬಿಟ್ಟರು, ದರ 149 ರೂಪಾಯಿ. ನೋಡುವವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿ ನಾನು ಹಿಂದೆಮುಂದೆ ನೋಡಲಿಲ್ಲ.