ಒಣ ಲೇನಿಗೆ ಬಡ ಚೆಂಡೇ ಸೈ

ಬೌಲಿಂಗ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಕುಂಬ್ಳೆ, ಶ್ರೀನಾಥ್. ನಾನು ಬರೆಯಹೊರಟಿರೋದು ಆ ಬೌಲಿಂಗ್ ಬಗ್ಗೆ ಅಲ್ಲ. ಬೆಂಗಳೂರಿನ ಮಾಲ್‌ಗಳಿಗೆ ಟೀಮ್ ಔಟಿಂಗ್ ಅಂತ ಕರೆದುಕೊಂಡು ಹೋಗಿ, ಇನ್ಯಾರೋ ಹಾಕಿ ಬಿಟ್ಟ ಶೂ ಕೊಟ್ಟು, ಹತ್ತು ಪಿನ್ನುಗಳ ಮೇಲೆ ಚೆಂಡು ಉರುಳಿಸು ಅಂತಾರಲ್ಲ, ಆ ಬೌಲಿಂಗ್. ಅಲ್ಲಿ ಒಂದೆರಡು ಸಲ ಆಡಿ ಮರೆತವರೇ ಹೆಚ್ಚು. ನಾನೂ ಮರೆತಿದ್ದೆ, ಕೆಲಸ ಅಂತ ಮಿಲ್ವಾಕಿಗೆ ಬರೋವರೆಗೆ. ಈ ಊರಲ್ಲಿದ್ದು ಬೌಲಿಂಗ್ ಹುಚ್ಚು ಹಿಡಿಯದೇ ಇರೋದು ಕಷ್ಟ. ಅಮೆರಿಕದ ಬೌಲಿಂಗ್ ಸಂಸ್ಥೆಯ ಕೇಂದ್ರ ಕಚೇರಿ 2008ರಲ್ಲಿ ಟೆಕ್ಸಾಸಿನ ಆರ್ಲಿಂಗ್ಟನ್‌ಗೆ ಎದ್ದು ಹೋಗುವ ತನಕ ಇಲ್ಲೇ ಪಕ್ಕದ ಗ್ರೀನ್‌ಡೇಲ್‌ನಲ್ಲಿತ್ತು. ಹಾಲರ್ ಹೌಸ್ ಅನ್ನೋ ಬಾರಿನ ನೆಲಮಾಳಿಗೆಯಲ್ಲಿ 1908ರಲ್ಲಿ ಹಾಕಿದ ಎರಡು ಮರದ ಲೇನುಗಳ ಕತೆ ಈ ಊರಿನ ಎಲ್ಲರಿಗೂ ಗೊತ್ತು.

ಸರಿ, ವಿಷಯಕ್ಕೆ ಬರ್ತೀನಿ. ಲೇನ್ ಒಣಗಿದ್ದರೆ ಯಾವ ಚೆಂಡು ಕೊಳ್ಳಬೇಕು? ನನ್ನ ಪ್ರಕಾರ ಅಂಗಡಿಯ ಕೆಳಗಿನ ಸಾಲಿನಲ್ಲಿ, ಯಾರೂ ಪೋಸ್ಟರ್ ಅಂಟಿಸದ, ಎಲ್ಲಕ್ಕಿಂತ ಕಡಿಮೆ ಬೆಲೆಯ ಚೆಂಡುಗಳಿರುತ್ತವಲ್ಲ, ಅಲ್ಲಿಂದ ಹುಡುಕಲು ಶುರು ಮಾಡಬೇಕು. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಒಳ್ಳೆಯದು ಅನ್ನೋ ನಮ್ಮ ಐಟಿ ಮಂದಿಯ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗಾಗುತ್ತೆ.

ಲೇನ್ ಒಣಗೋದು ಅಂದ್ರೇನು ಅಂತ ಕೇಳಬಹುದು. ಫೌಲ್ ಲೈನಿನಿಂದ ಮೊದಲ ಪಿನ್ನಿಗೆ 60 ಅಡಿ. ಅಗಲಕ್ಕೆ 39 ಹಲಗೆ. ಅದರ ಮೇಲೆ ಯಂತ್ರವೊಂದು ಎಣ್ಣೆ ಸವರಿಕೊಂಡು ಹೋಗುತ್ತೆ, ಸಾಮಾನ್ಯವಾಗಿ ಸುಮಾರು 40 ಅಡಿ ದೂರದವರೆಗೆ, ನಡುವೆ ಜಾಸ್ತಿ, ಅಂಚಿಗೆ ಕಮ್ಮಿ. ಒಟ್ಟು ಎಣ್ಣೆ ಒಂದು ಲೇನಿಗೆ 20-25 ಮಿಲಿಲೀಟರ್ ಇದ್ದರೆ ಹೆಚ್ಚು. ನಮ್ಮಮ್ಮ ಪುಳಿಯೋಗರೆ ಒಗ್ಗರಣೆಗೆ ಇದಕ್ಕಿಂತ ಜಾಸ್ತಿ ಹಾಕ್ತಾಳೆ :-) ಕೇರಂ ಬೋರ್ಡಿನ ಮೇಲೆ ಬೋರಿಕ್ ಪೌಡರ್ ಹಾಕ್ತೀವಲ್ಲ, ಈ ಎಣ್ಣೆಯ ಕೆಲಸವೂ ಅದೇ. ಎಣ್ಣೆ ಇರೋ ಕಡೆ ಚೆಂಡು ತಿರುಗುತ್ತಿದ್ದರೂ ಹಿಡಿತ ಸಿಗದೆ ನೇರ ಜಾರುತ್ತೆ. ಎಣ್ಣೆ ಮುಗಿದ ಮೇಲೆ ನೆಲವನ್ನು ಕಚ್ಚಿ ಹುಕ್ ಆಗುತ್ತೆ, ಅಂದ್ರೆ ಒಂದು ಪಕ್ಕಕ್ಕೆ ವಾಲಿ ಪಿನ್ನುಗಳ ಕಡೆ ತಿರುಗುತ್ತೆ. ಪೌಡರ್ ಮುಗಿದ ಕೇರಂ ಬೋರ್ಡಲ್ಲಿ ಸ್ಟ್ರೈಕರ್ ಅರ್ಧ ದಾರಿಗೇ ನಿಲ್ಲೋದು ನೋಡಿದ್ದೀರಲ್ಲ? ಒಣ ಲೇನ್ ಅಂದ್ರೆ ಅದು.

ಒಣಗೋಕೆ ಕಾರಣ ಹಲವು. ಸಣ್ಣ ಊರಿನ, ಸಣ್ಣ ಬಜೆಟ್ಟಿನ ಬೌಲಿಂಗ್ ಕೇಂದ್ರಗಳು ಎಣ್ಣೆ ಕಮ್ಮಿ ಹಾಕ್ತವೆ. ಸಂಜೆ ಆರರ ಲೀಗ್ ಮುಗಿದ ಮೇಲೆ ಒಂಬತ್ತರ ಲೀಗಿಗೆ ಮತ್ತೆ ಹಾಕೋದೇ ಇಲ್ಲ. ಅದಕ್ಕಿಂತ ದೊಡ್ಡ ಕಾರಣ ಚೆಂಡುಗಳೇ. 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಚೆಂಡುಗಳು ಬಂದವು. ಅವುಗಳ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು. ಉರುಳುತ್ತಾ ಉರುಳುತ್ತಾ ಎಣ್ಣೆ ಕುಡಿಯುತ್ತವೆ. ಹತ್ತು ಜನ ಅಂಥ ಚೆಂಡು ಹಿಡಿದು ಎರಡು ಆಟ ಆಡಿದರೆ ಎಲ್ಲರೂ ಎಸೆಯುವ ಆ ಹತ್ತು ಹಲಗೆಗಳಲ್ಲಿ ಎಣ್ಣೆ ಮಾಯ. ಆಮೇಲೆ ಅದೇ ಜನ 'ಇವತ್ತು ಲೇನ್ ಸರಿಯಿಲ್ಲ' ಅಂತ ಬೈಕೊಂಡು ಓಡಾಡ್ತಾರೆ!

ಅಂಥ ಲೇನಿನ ಮೇಲೆ ಬಲವಾದ ಚೆಂಡು ಎಸೆದರೆ ಏನಾಗುತ್ತೆ? ಬೇಗ ಹಿಡಿತ ಸಿಗುತ್ತೆ, ಬೇಗ ತಿರುಗುತ್ತೆ. ಒಂದೋ ಪಾಕೆಟ್ ದಾಟಿ ಮುಂದಿನ ಪಿನ್ನಿನ ಮೂಗಿಗೇ ಹೊಡೆದು ಎರಡು ಕಡೆ ಪಿನ್ ಉಳಿಸಿ ಸ್ಪ್ಲಿಟ್ ಕೊಡುತ್ತೆ. ಇಲ್ಲಾಂದ್ರೆ ದಾರಿಯಲ್ಲೇ ಶಕ್ತಿಯೆಲ್ಲ ಖರ್ಚು ಮಾಡಿಕೊಂಡು ಪಿನ್ನಿನ ಹತ್ತಿರ ಸುಸ್ತಾಗಿ ಬರುತ್ತೆ. ಪಾಕೆಟ್ಟಿಗೇ ಬಿದ್ದ ಹಾಗೆ ಕಂಡರೂ ಮೂಲೆಯ 10ನೇ ಪಿನ್ ಕದಲದೆ ನಿಂತು ಅಣಕಿಸುತ್ತೆ. ನೂರು ಮೀಟರ್ ಓಟವನ್ನು ಮೊದಲ ಮೂವತ್ತು ಮೀಟರಲ್ಲೇ ಓಡಿಬಿಟ್ಟವನ ಪರಿಸ್ಥಿತಿ.

ಇದಕ್ಕೆ ಜನ ಮಾಡುವ ಮೊದಲ ಉಪಾಯ ಜೋರಾಗಿ ಎಸೆಯೋದು. ನನ್ನ ತಕರಾರು ಇರೋದು ಇಲ್ಲೇ. ನಮ್ಮ ಲೀಗ್ ತಂಡದಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರಿದ್ದಾರೆ, ಐವತ್ತು ದಾಟಿದವರು. ಹೋದ ಸೀಸನ್ನಿನ ಶುರುವಿನಲ್ಲಿ ಅಂಗಡಿಯವನೊಬ್ಬ ಇವರು ಎಲ್ಲಿ ಆಡ್ತಾರೆ, ಅಲ್ಲಿ ಎಣ್ಣೆ ಎಷ್ಟು ಅಂತ ಒಂದು ಮಾತೂ ಕೇಳದೆ, ತನ್ನಲ್ಲಿದ್ದ ಅತಿ ಬಲದ ಚೆಂಡನ್ನು ಕೊಟ್ಟು ಕಳಿಸಿದ. ಬೆಲೆ ಪ್ಲಾಸ್ಟಿಕ್ ಚೆಂಡಿನ ಎರಡರಷ್ಟಕ್ಕೂ ಮೇಲೆ. ನಮ್ಮ ಲೀಗ್ ಇರೋದು ರಾತ್ರಿ ಒಂಬತ್ತಕ್ಕೆ, ಹಳೇ ಲೇನುಗಳ ಮೇಲೆ. ಚೆಂಡು ನಲವತ್ತು ಅಡಿಗೂ ಮೊದಲೇ ತಿರುಗಿ ಎಡಗಡೆ ಹೋಗ್ತಿತ್ತು. ಅವರು ಜೋರು ಮಾಡಿದರು. ಇನ್ನೂ ಜೋರು ಮಾಡಿದರು. ಜನವರಿ ಹೊತ್ತಿಗೆ ಭುಜ ಹಿಡ್ಕೊಂಡು ಕೂತರು. ಫಿಸಿಯೋಥೆರಪಿ ಶುರುವಾಯ್ತು. 'ಅಣ್ಣಾ, ಆ ಚೆಂಡು ಮನೇಲಿಡಿ, ಒಂದು ಪ್ಲಾಸ್ಟಿಕ್ ಚೆಂಡು ತಗೊಳ್ಳಿ' ಅಂದ್ರೆ, 'ಇಷ್ಟ ರೊಕ್ಕಾ ಕೊಟ್ಟ ತಗೊಂಡೇನಿ, ಮನ್ಯಾಗ ಇಟ್ಕೊಂಡ ಪೂಜಾ ಮಾಡ್ಲೇನೋ ತಮ್ಮಾ?' ಅಂದರು. ಉತ್ತರ ಕೊಡೋದು ಕಷ್ಟ. ಆದರೆ ಚೆಂಡಿಗೆ ಕೊಟ್ಟ ರೊಕ್ಕಕ್ಕಿಂತ ಭುಜಕ್ಕೆ ಕೊಡ್ತಿರೋದು ಈಗಾಗಲೇ ಹೆಚ್ಚಾಗಿದೆ. ಮುಂದಿನ ಸೀಸನ್ ಆಡೋದೇ ಬೇಡ ಅನ್ನೋ ಮಾತೂ ಒಂದೆರಡು ಸಲ ಬಂತು. ಪರದೇಶದಲ್ಲಿ ವಾರಕ್ಕೊಂದು ರಾತ್ರಿ ಕನ್ನಡದಲ್ಲಿ ಬೈದಾಡಿಕೊಂಡು ಆಡೋ ಜಾಗ ಅದು. ಒಂದು ತಪ್ಪು ಚೆಂಡಿನಿಂದ ಅದು ತಪ್ಪಿಹೋದರೆ ನನಗಂತೂ ಹೊಟ್ಟೆ ಉರಿಯುತ್ತೆ.

ಹಾಗಾದ್ರೆ ಏನು ನೋಡಬೇಕು? ಮೊದಲು ಹೊರಮೈ. ಮುಕ್ಕಾಲು ಪಾಲು ಆಟ ಹೊರಮೈಯದ್ದೇ ಅನ್ನೋದು ನನ್ನ ಲೆಕ್ಕ. ಪ್ಲಾಸ್ಟಿಕ್, ಅಂದ್ರೆ ಪಾಲಿಯೆಸ್ಟರ್, ಅತ್ಯಂತ ಕಡಿಮೆ ಕಚ್ಚುತ್ತೆ. ಅದರ ಮೇಲೆ 1980ರ ದಶಕದಲ್ಲಿ ಮೆರೆದ ಯುರೇಥೇನ್. ಅದರ ಮೇಲೆ ರಿಯಾಕ್ಟಿವ್. ರಿಯಾಕ್ಟಿವ್‌ನಲ್ಲೂ ಮಿಂಚಿನ ಪುಡಿ ಬೆರೆಸಿದ ಪರ್ಲ್ ಚೆಂಡು ಸಾಲಿಡ್‌ಗಿಂತ ತಡವಾಗಿ ಕಚ್ಚುತ್ತೆ. ಮೈ ಉಜ್ಜಿರೋದು ಹೇಗೆ ಅನ್ನೋದೂ ಅಷ್ಟೇ ಮುಖ್ಯ. 500, 1000 ಗ್ರಿಟ್ಟಿನ ಒರಟು ಮೈ ಎಣ್ಣೆಯಲ್ಲೂ ನೆಲ ಹುಡುಕುತ್ತೆ. 4000 ಗ್ರಿಟ್ ದಾಟಿ ಪಾಲಿಶ್ ಹೊಡೆಸಿದ್ದು ಒಣಗಿದಲ್ಲೂ ಒಂದಷ್ಟು ದೂರ ಜಾರುತ್ತೆ. ಹೊಸ ಚೆಂಡು ಕೊಳ್ಳುವ ಮೊದಲು ಇರೋ ಚೆಂಡಿಗೇ ಪಾಲಿಶ್ ಹಾಕಿಸಿ ನೋಡಿ. ಆಟ ಶುರುವಾಗೋ ಮುಂಚೆಯೇ ಮಾಡಿಸಿಕೊಳ್ಳಿ, ಲೀಗ್ ಆಟದ ನಡುವೆ ಮೈ ಉಜ್ಜುವ ಹಾಗಿಲ್ಲ.

ಆಮೇಲೆ ಒಳಗಿನ ಗಟ್ಟಿ. ಚೆಂಡಿನ ಪೆಟ್ಟಿಗೆಯ ಮೇಲೆ ಆರ್.ಜಿ. ಅಂತ ಒಂದು ಸಂಖ್ಯೆ ಇರುತ್ತೆ. ಬಿ.ಇ. ಮೊದಲ ವರ್ಷದ ಮೆಕ್ಯಾನಿಕ್ಸಲ್ಲಿ ಓದಿ ಪರೀಕ್ಷೆ ಮರುದಿನವೇ ಮರೆತ ರೇಡಿಯಸ್ ಆಫ್ ಗೈರೇಶನ್ ಇದೇ. ನಿಯಮದ ಪ್ರಕಾರ ಇದು 2.46 ಇಂಚಿನಿಂದ 2.80 ಇಂಚಿನೊಳಗೆ ಇರಬೇಕು. ಆಫೀಸಿನ ತಿರುಗು ಕುರ್ಚಿಯಲ್ಲಿ ಕೈ ಚಾಚಿ ಕೂತರೆ ತಿರುಗಿಸೋಕೆ ಕಷ್ಟ, ಕೈ ಮಡಚಿದರೆ ಸುಲಭ, ಅಲ್ವಾ? ಆರ್.ಜಿ. ಹೆಚ್ಚಿದ್ದರೆ ತೂಕ ಹೊರಮೈ ಕಡೆ ಹರಡಿದೆ ಅಂತ ಅರ್ಥ, ಚೆಂಡು ಉರುಳೋಕೆ ತಡ ಮಾಡುತ್ತೆ. ಒಣ ಲೇನಿಗೆ ಬೇಕಾದ್ದು ಅದೇ. ಪಕ್ಕದಲ್ಲಿ ಡಿಫರೆನ್ಷಿಯಲ್ ಅಂತ ಇನ್ನೊಂದು ಸಂಖ್ಯೆ, ಗರಿಷ್ಠ 0.060. ಇದು ಜಾಸ್ತಿ ಇದ್ದಷ್ಟೂ ಚೆಂಡು ಪ್ರತಿ ಸುತ್ತಿಗೂ ತನ್ನ ಮೈಯ ಹೊಸ ಭಾಗವನ್ನು ನೆಲಕ್ಕೆ ತಾಗಿಸುತ್ತೆ, ಹಿಡಿತ ಹೆಚ್ಚುತ್ತೆ. ನಮಗೆ ಬೇಕಾದ್ದು ಕಡಿಮೆ. ನಾನು 0.030ರ ಮೇಲೆ ಹೋಗೋದಿಲ್ಲ. ಕೊರೆಯುವಾಗಲೂ, ಚೆಂಡಿನ ಅತಿ ಹೆಚ್ಚು ಹುಕ್ ಹೊರಗೆಳೆಯುವ ಹಾಗೆ ಕೊರೆಯಬೇಡಿ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರ ರೂಢಿ ಅವರದು.

'ಪ್ಲಾಸ್ಟಿಕ್ ಚೆಂಡಾ? ಅದು ಸ್ಪೇರ್ ಹೊಡೆಯೋಕೆ ಮಾತ್ರ' ಅಂತ ಮೂಗು ಮುರಿಯೋರು ಬೇಕಾದಷ್ಟು. ಅವರ ವಾದದಲ್ಲಿ ಹುರುಳಿಲ್ಲ ಅಂತ ಹೇಳೋಲ್ಲ. ಸ್ಟ್ರೈಕ್ ಆಗೋಕೆ ಚೆಂಡು ಪಾಕೆಟ್ಟಿಗೆ ಸುಮಾರು 6 ಡಿಗ್ರಿ ಕೋನದಲ್ಲಿ ನುಗ್ಗಿದರೆ ಒಳ್ಳೆಯದು. ಗಟರ್ ಅಂಚಿನಿಂದ ನೇರ ಎಸೆದರೆ ಒಂದೂವರೆ ಡಿಗ್ರಿಯೂ ಸಿಗೋದು ಕಷ್ಟ, ಬೇಕಾದ್ರೆ 60 ಅಡಿ ಉದ್ದ, ಹದಿನೇಳೂವರೆ ಇಂಚು ಅಗಲ ಇಟ್ಟು ಲೆಕ್ಕ ಹಾಕಿ. ಅಂದ್ರೆ ಹುಕ್ ಬೇಕೇ ಬೇಕು. ಆದರೆ ಅದನ್ನು ಕೊಡೋದು ಚೆಂಡೊಂದೇ ಅಲ್ಲ. ಒಣ ಲೇನ್ ತಾನೇ ಅರ್ಧ ಹುಕ್ ಕೊಡುತ್ತೆ. ಕೈಯಲ್ಲಿ ತಿರುವು ಇರೋನು ಅಲ್ಲಿ ಪ್ಲಾಸ್ಟಿಕ್ಕಲ್ಲೂ ಪಾಕೆಟ್ ಹೊಡೀತಾನೆ.

1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ತೆಗೆದರಲ್ಲ, ನಾನಾಗ ಅಂಬೆಗಾಲಿಡ್ತಿದ್ದೆ, ಯೂಟ್ಯೂಬಲ್ಲಿ ನೋಡಿದ್ದು. ಆ ಮನುಷ್ಯ ಚೆಂಡನ್ನು ಮೊಳಗಟ್ಟಲೆ ತಿರುಗಿಸಿದವರಲ್ಲ. ನೆಲದಲ್ಲಿ ಏನಿದೆಯೋ ಅದನ್ನು ಕೆಲಸ ಮಾಡೋಕೆ ಬಿಟ್ಟು, ತಾವು ನೇರಕ್ಕೆ, ವೇಗಕ್ಕೆ ಗಮನ ಕೊಟ್ಟರು. ಆಟ ಬೇರೆ, ಒಪ್ಪಿದೆ. ಆದರೂ ಒಣ ಲೇನ್ ಮುಂದೆ ನಿಂತಾಗ ನನಗೆ ಜ್ಞಾಪಕ ಬರೋದು ಅವರೇ :-)

ಕೈಯಲ್ಲಿ ತಿರುವು ಕಮ್ಮಿ ಇರೋರಿಗೆ ಪ್ಲಾಸ್ಟಿಕ್ ಸಾಲದು. ಅವರಿಗೆ ಶುರುವಾತಿನ ಮಟ್ಟದ ಪರ್ಲ್ ರಿಯಾಕ್ಟಿವ್, ಮೇಲೊಂದು ಪಾಲಿಶ್. ಯುರೇಥೇನ್ ಬಗ್ಗೆ ಈಗ ಎಲ್ಲರೂ ಹೊಗಳ್ತಾರೆ. ಅದು ರಿಯಾಕ್ಟಿವ್ ಥರ ಕೊನೆಯಲ್ಲಿ ಗಕ್ಕನೆ ಮುರಿಯದೆ ಮೆಲ್ಲಗೆ ಬಾಗುತ್ತೆ ಅನ್ನೋದು ನಿಜ. ಆದರೆ ಮೊದಲ ಇಪ್ಪತ್ತು ಅಡಿಯೇ ಒಣಗಿದ್ದರೆ ಅದೂ ಬೇಗ ಕಚ್ಚಿಬಿಡುತ್ತೆ, ಬೆಲೆಯೂ ಪ್ಲಾಸ್ಟಿಕ್ಕಿಗಿಂತ ಮೇಲೆ. ಒಂದೇ ಚೆಂಡು ಕೊಳ್ಳೋ ಶಕ್ತಿ ಇರೋರಿಗೆ ನಾನು ಅದನ್ನು ಹೇಳಲ್ಲ. ಪ್ಲಾಸ್ಟಿಕ್ ಚೆಂಡಾದರೆ ಎಣ್ಣೆ ತುಂಬಿದ ದಿನವೂ 10ನೇ ಪಿನ್ ಹೊಡೆಯೋಕೆ ಬೇಕಾಗೇ ಆಗುತ್ತೆ, ದುಡ್ಡು ದಂಡವಲ್ಲ.

ಇನ್ನೊಂದು ಮಾತು. ಕೊಳ್ಳೋ ಮುಂಚೆ ಕಾಲು ಸರಿಸಿ ನೋಡಿ. ಬಲಗೈಯವರಾದರೆ ಎಡಕ್ಕೆ ಎರಡು ಹಲಗೆ, ಮತ್ತೆರಡು ಹಲಗೆ. ನಡುವೆ ಇನ್ನೂ ಎಣ್ಣೆ ಉಳಿದಿರುತ್ತೆ. ಸರಿಸ್ತಾ ಸರಿಸ್ತಾ ಪಕ್ಕದ ಚೆಂಡಿನ ಯಂತ್ರಕ್ಕೆ ಮೊಣಕಾಲು ತಾಗೋ ಹಾಗಾದರೆ ಚೆಂಡು ಬದಲಿಸೋ ಹೊತ್ತು ಬಂತು ಅಂತ. ಜೋರಾಗಿ ಎಸೆಯೋದು ಮಾತ್ರ ಬೇಡ.

ನಮ್ಮ ಹುಬ್ಬಳ್ಳಿ ಅಣ್ಣನ ಭುಜ ಈಗ ಪರವಾಗಿಲ್ಲ. ಹೋದ ವಾರ ನನ್ನ ಪ್ಲಾಸ್ಟಿಕ್ ಚೆಂಡನ್ನು ಎರಡು ಸಲ ಕೈಯಲ್ಲಿ ತೂಗಿ ನೋಡಿ, ಏನೂ ಹೇಳದೆ ಕೆಳಗಿಟ್ಟರು. ಹೆಬ್ಬೆರಳು ಅದರ ತೂತಿಗೆ ಹೋಗಲಿಲ್ಲ ಅಷ್ಟೇ ಅಂತ ನನ್ನ ಅನುಮಾನ. ಸೀಸನ್ ಶುರುವಾಗೋದು ಸೆಪ್ಟೆಂಬರಿಗೆ, ಇನ್ನೂ ಟೈಮ್ ಇದೆ.